ನಿನ್ನ ಕಾರಿನ ಪ್ಲಗ್

ಅಣ್ಣಾ,

ನಿನ್ನ ರೋಟರಿ ಎಂಜಿನ್ ಕಾರು ಇವತ್ತು ಸ್ಟಾರ್ಟ್ ಆಗಲಿಲ್ಲ. ನೀನು ತೀರಿಹೋದ ಮೇಲೆ ಅಮ್ಮ ದಿನಾ ಬೆಳಿಗ್ಗೆ ಅಂಗಳದಲ್ಲಿ ಅದನ್ನು ಸ್ಟಾರ್ಟ್ ಮಾಡಿ, ಸದ್ದು ಕೇಳಿ, ಕೂಡಲೇ ಆಫ್ ಮಾಡುತ್ತಿದ್ದರು. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಕಿಡಿ ಹೊತ್ತಿಸುವ ಪ್ಲಗ್ ಪೆಟ್ರೋಲಿನಲ್ಲಿ ನೆನೆದು ಹಾಳಾಗುತ್ತದೆ ಎಂದು ನೀನು ಎಷ್ಟು ಸಲ ಹೇಳಿದ್ದೆ! ಆದರೂ ಅಮ್ಮನಿಗೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಹೊಸ ಪ್ಲಗ್ ತರಲು ಹಂಪನಕಟ್ಟೆಯ ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯವರು ಫೋನಿನಲ್ಲಿ ಎರಡು ಬಗೆ ತೋರಿಸಿದರು. ಪೇಟೆಯಲ್ಲಿ ನಿಧಾನ ಓಡಿಸುವವರಿಗೆ ಒಂದು, ರೇಸಿನ ಹಾಗೆ ಓಡಿಸುವವರಿಗೆ ಇನ್ನೊಂದು.

"ಓಡಿಸುವುದು ಯಾರು ಅಕ್ಕ? ಅದು ಗೊತ್ತಾಗದೆ ಎಂತ ಕೊಡುವುದು?"

"ನನ್ನ ಅಣ್ಣ."

"ಹೇಗೆ ಓಡಿಸ್ತಾರೆ?"

"ಜೋರು."

"ಹಾಗಾದ್ರೆ ಇದೇ ತರಿಸ್ತೇನೆ. ಆದ್ರೆ ಓಡಿಸದೆ ಸುಮ್ಮನೆ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಇದು ಬೇಗ ಹೋಗ್ತದೆ, ಅವರಿಗೆ ಹೇಳಿ."

ಹೇಳುತ್ತೇನೆ ಎಂದು ಬಂದೆ. ಅಮ್ಮನ ಕೈಯಲ್ಲಿ ಆ ಪ್ಲಗ್ ಒಂದು ವಾರವೂ ಬಾಳುವುದಿಲ್ಲ.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. "ಲತೀಶ ಹಾಕುವುದನ್ನೇ ಹೇಳಿದಿಯಲ್ಲ? ಬೇರೆ ಹಾಕಿದ್ರೆ ಅವ ಬೈತಾನೆ."

ಅಣ್ಣಾ, ಬೇರೆಯದನ್ನೇ ಹಾಕಿಸುತ್ತೇನೆ. ಒಮ್ಮೆ ಬಂದು ಬೈದು ಹೋಗು.

ಸುಪ್ರೀತಾ