ತಪ್ಪೊಪ್ಪಿಗೆ ಬರೆಯುವುದಿಲ್ಲ

ಪ್ರಯೋಗಾಲಯದ ಮುಖ್ಯಸ್ಥರಿಗೆ ನಮಸ್ಕಾರ.

ನಾನು ನಿಮ್ಮ ವಿದ್ಯಾರ್ಥಿನಿಯ ಅತ್ತೆ. ಅವಳು ಹೆರಿಗೆಗೆ ಹೋದಾಗ ಹತ್ತು ದಿನ, ಬೇರು ಹೊರಗೆ ಕಾಣುವಂತೆ ನೆಟ್ಟಗೆ ನಿಲ್ಲಿಸುವ ಸಸಿಗಳ ಪಾರದರ್ಶಕ ಡಬ್ಬಿ ನೋಡಿಕೊಂಡವಳು. "ನಿಮ್ಮತ್ತೆ ಡಬ್ಬಿ ಓರೆಯಾಗಿ ನಿಲ್ಲಿಸಿದ್ದಾರೆ, ಅದಕ್ಕೇ ಬೇರು ಬಲಕ್ಕೆ ತಿರುಗಿದೆ. ತಪ್ಪಾಯ್ತು ಅಂತ ಬರೆದುಕೊಡಮ್ಮ" ಎಂದು ಅವಳಿಗೆ ಹೇಳಿದಿರಂತೆ. ಬರೆದುಕೊಟ್ಟರೆ ಅವಳ ನಾಲ್ಕು ವರ್ಷದ ಕೆಲಸ ಕಸದ ಬುಟ್ಟಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನಿಮ್ಮ ಮಾತು!

ನಾನು ಓದಿದ್ದು ಹೈಸ್ಕೂಲು. ಆದರೂ ಸೊಸೆ ಹೇಳಿದ್ದು ಅರ್ಥವಾಗಿದೆ. ಗಿಡದ ಪ್ರತಿ ಜೀವಕೋಶದೊಳಗೂ ಎಲುಬಿನಂಥ ಎಳೆಗಳಿವೆ. ಅವನ್ನು ಸಾಲಾಗಿ ಜೋಡಿಸಲು ಒಂದು ಪ್ರೋಟೀನ್ ಬೇಕು. ಅದಿಲ್ಲದ ಸಸಿಯ ಬೇರು ತಿರುಚಿಕೊಂಡು ಒಂದೇ ಕಡೆಗೆ ತಿರುಗುತ್ತದೆ; ನಾಲ್ಕು ವರ್ಷದಲ್ಲಿ ಅವಳು ಕಂಡುಕೊಂಡದ್ದು ಇದೇ. ಅದೇ ಡಬ್ಬಿಯಲ್ಲಿ ಪಕ್ಕಕ್ಕಿದ್ದ ಮಾಮೂಲಿ ಸಸಿಗಳ ಬೇರು ನೆಟ್ಟಗೆ ಇಳಿದಿದೆ. ಡಬ್ಬಿ ಓರೆಯಾಗಿದ್ದರೆ ಅವೂ ಓರೆಯಾಗಬೇಕಿತ್ತಲ್ಲವೇ?

ನಾನು ಗಾರೆಕೆಲಸದವನ ಹೆಂಡತಿ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ಹಿಡಿದೇ ದಿನಾ ಡಬ್ಬಿ ನಿಲ್ಲಿಸಿದೆ. ನಾಲ್ಕನೆಯ ದಿನ ಒಂದು ಗಂಟೆ ದೀಪ ಹಾಕಲು ಮರೆತೆ. ಅದನ್ನು ಪ್ರಯೋಗದ ಪುಸ್ತಕದಲ್ಲಿ ಬರೆದು ಸಹಿ ಮಾಡಿದ್ದೇನೆ. ಮಾಡದ ತಪ್ಪನ್ನು ನಮ್ಮ ಮನೆಯಲ್ಲಿ ಯಾರೂ ಬರೆಯುವುದಿಲ್ಲ.

ಸೋಮವಾರ ಸೊಸೆ ಬರುತ್ತಾಳೆ, ಮಗು ನನ್ನ ಹತ್ತಿರ ಇರುತ್ತದೆ. ಹೊಸ ಡಬ್ಬಿಯನ್ನು ನೀವೇ ಕೈಯಾರೆ ನಿಲ್ಲಿಸಿ. ಆಗಲೂ ಬೇರು ತಿರುಗಿದರೆ, ತಪ್ಪಾಯಿತೆಂಬ ಆ ಕಾಗದವನ್ನು ನೀವು ಅವಳಿಗೆ ಬರೆದುಕೊಡಿ.

ಇಂತಿ,
ಡಬ್ಬಿ ನಿಲ್ಲಿಸಿದವಳು