ಕನ್ನಡ ಆಡಿದವರು ಪಾತ್ರೆ ತೊಳೆಯಬೇಕು

ಮಾರ್ಚ್ ೧೬, ಭಾನುವಾರ

ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು, ಭಾವ, ಮಗ, ಸೊಸೆ, ಪುಟ್ಟ ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡೇ ಪೆನ್ನು ಹಿಡಿದಿದ್ದೇನೆ. ಭಾವನ ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಅವರು ಕೇಳುವ ಪೈಕಿಯಲ್ಲ, ನನಗೆ ಗೊತ್ತು.

ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಬೈದುಕೋ, ಬೈಸಿಕೊಳ್ಳುವುದಕ್ಕೆ ತಯಾರಾಗಿಯೇ ಇದ್ದೇನೆ. ಹೊಲಿಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ, ಚಳಿ ಶುರುವಾದರೆ ಊರಿನವರೆಲ್ಲ ಹಳೆಯ ಕೋಟುಗಳನ್ನು ಹೊತ್ತು ತರುತ್ತಾರೆ, ಒಂದರ ಜಿಪ್ ಕಿತ್ತಿರುತ್ತದೆ, ಇನ್ನೊಂದು ಅದರ ಯಜಮಾನನ ಹೊಟ್ಟೆ ಸುತ್ತುವುದಿಲ್ಲ ಅನ್ನುತ್ತದೆ, ಹೀಗೆಲ್ಲ ಬರೆದು ತಪ್ಪಿಸಿಕೊಳ್ಳಬಹುದಿತ್ತು. ನಿಜ ಬೇರೆ. ನಿನ್ನ ಕಾಗದದಲ್ಲಿ ನಾಲ್ಕೇ ಸಾಲು. ಅದರಲ್ಲಿ ಕೊನೆಯದು, "ಮಗಳು ಓದಿಗೆ ಬೇರೆ ಊರಿಗೆ ಹೋದಳಲ್ಲ, ಈಗಲಾದರೂ ನೀನೂ ನಿನ್ನ ಗಂಡನೂ ಬಾಯಿ ತುಂಬ ಮಾತಾಡುತ್ತೀರಾ, ಇಲ್ಲ ಇನ್ನೂ ಅದೇ ಇಂಗ್ಲಿಷಾ?" ಎಂಬ ಪ್ರಶ್ನೆ. ಉತ್ತರ ಬರೆಯಲು ಕೂತಾಗಲೆಲ್ಲ ನಾಚಿಕೆಯಾಗಿ ಎದ್ದು ಹೋಗುತ್ತಿದ್ದೆ. ಹೌದು ಅಕ್ಕ, ಮಗಳು ಹೋಗಿ ಒಂದು ವರ್ಷವಾದರೂ ಅದೇ ಇಂಗ್ಲಿಷ್ ನಡೆದಿತ್ತು. ಹೋದ ಭಾನುವಾರದವರೆಗೆ.

ಮೊದಲಿನಿಂದ ಹೇಳುತ್ತೇನೆ. ನೀನು ಇಷ್ಟು ವರ್ಷ ಅಲ್ಲೊಂದು ಇಲ್ಲೊಂದು ತುಣುಕು ಕೇಳಿದ್ದೀಯೇ ಹೊರತು ಪೂರ್ತಿ ಕೇಳಿಲ್ಲ.

ಮಗಳನ್ನು ಶಾಲೆಗೆ ಸೇರಿಸಿದಾಗ ಅವಳಿಗೆ ಐದು ವರ್ಷ. ಮೂರನೇ ವಾರ ಟೀಚರು ನಮ್ಮಿಬ್ಬರನ್ನೂ ಕರೆಸಿದರು. ಮಕ್ಕಳು ಕೂರುವ ಪುಟಾಣಿ ಕುರ್ಚಿಯಲ್ಲಿ ಇವರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಟೀಚರು ಒಳ್ಳೆಯ ಹೆಂಗಸು, ನಗುನಗುತ್ತಲೇ ಹೇಳಿದರು: ಮಗು ಮಾತಾಡುವುದಿಲ್ಲ, ಮೂಲೆಯಲ್ಲಿ ಕೂರುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ. ಅಷ್ಟೇ ಹೇಳಿದ್ದು. ಮಗುವಿನ ಜೊತೆ ಮಾತಾಡಿ ಎಂದು ಅವರ ಅರ್ಥ ಇರಬೇಕು. ನಾವು ಹೆದರಿದ ಹೆದರಿಕೆಗೆ ಅದನ್ನು ಕಾನೂನು ಮಾಡಿಕೊಂಡೆವು. ಮನೆಗೆ ಬರುವ ದಾರಿಯಲ್ಲೇ ಇವರು ನಿಯಮ ಹಾಕಿದರು, "ಇನ್ಮೇಲೆ ಮನೆಯೊಳಗೆ ಕನ್ನಡ ಆಡಿದವರು ಆವತ್ತಿನ ಪಾತ್ರೆ ತೊಳೀಬೇಕು. ನೀನಾದ್ರೂ ಸರಿ, ನಾನಾದ್ರೂ ಸರಿ." ನಾನು ನಕ್ಕು, "ಹಾಗಾದ್ರೆ ನನ್ನ ಕೈ ಸವೆದು ಹೋಗುತ್ತೆ ಬಿಡಿ" ಎಂದೆ. ಮನೆಯ ಬಾಗಿಲು ತೆರೆಯುವ ಮುಂಚೆ ಹಾಗೆ ನಕ್ಕದ್ದೇ, ಇವರ ಜೊತೆ ಕನ್ನಡದಲ್ಲಿ ನಕ್ಕ ಕೊನೆಯ ಸಲ.

ನನ್ನ ಬಾಯಿ ಎಂಥದ್ದು ಎಂದು ನಿನಗೆ ಹೇಳಬೇಕೇ? ನೀನೇ ಅಲ್ಲವೇ ವಟವಟ ಎಂದು ಹೆಸರಿಟ್ಟವಳು. ನಮ್ಮೂರ ಮನೆಯ ಮಾಳಿಗೆಯಲ್ಲಿ ಬಟ್ಟೆ ಒಣಹಾಕುವಾಗ ನಾನು ಒಂದು ಸೀರೆ ಹರವುವಷ್ಟರಲ್ಲಿ ಬೀದಿಯ ನಾಲ್ಕು ಮನೆಯ ಕತೆ ಹೇಳಿ ಮುಗಿಸುತ್ತಿದ್ದೆ, ನೀನು ನಗುತ್ತಾ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು "ಸಾಕು ನಿಲ್ಸೇ, ಕ್ಲಿಪ್ಪು ನುಂಗಿಬಿಡ್ತೀನಿ" ಎನ್ನುತ್ತಿದ್ದೆ. ಇವರು ನನ್ನನ್ನು ಇಷ್ಟಪಟ್ಟದ್ದೂ ಈ ಬಾಯಿಗೇ. ಈ ಪರದೇಶಕ್ಕೆ ಬಂದ ಹೊಸತರಲ್ಲಿ ಬೀಗದ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದೆವು. ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ, ನಲ್ಲಿ ಪೂರ್ತಿ ತೆರೆಯುತ್ತಿರಲಿಲ್ಲ. ಮನೆಯೊಡತಿ ಬೆನ್ನು ಬಗ್ಗಿಸದೆ ನಡೆಯುವವಳು, ಸದಾ ಬುಸುಗುಡುವವಳು, ಅವಳಿಗೆ ಇಸ್ತ್ರಿಪೆಟ್ಟಿಗೆ ಎಂದು ನಾನು ಹೆಸರಿಟ್ಟಿದ್ದೆ. ಇವರು ಕೆಲಸದಿಂದ ಬಂದು ಬೂಟು ಬಿಚ್ಚುತ್ತಲೇ "ಇವತ್ತು ಇಸ್ತ್ರಿಪೆಟ್ಟಿಗೆ ಎಷ್ಟು ಬಿಸಿ ಇತ್ತು?" ಎಂದು ಕೇಳುವರು. ಅಲ್ಲಿಂದ ಶುರುವಾದರೆ ಅನ್ನ ತಣ್ಣಗಾಗುವವರೆಗೆ ಮಾತು. ಜಗಳವೂ ಅಷ್ಟೇ ಜೋರು. ಒಮ್ಮೆ ಛತ್ರಿ ಯಾರು ಮರೆತದ್ದು ಎಂಬುದಕ್ಕೆ ಎರಡು ದಿನ ಜಗಳವಾಡಿ, ಮೂರನೇ ದಿನ ಛತ್ರಿ ಬಾಗಿಲ ಹಿಂದೆಯೇ ಸಿಕ್ಕಿ, ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು.

ನಿಯಮ ಬಂದ ಮೇಲೆ ಮೊದಲ ಎರಡು ತಿಂಗಳು ಪಾತ್ರೆಯೆಲ್ಲ ನನ್ನದೇ. ಆಮೇಲೆ ನಾಲಿಗೆ ಕಲಿತುಕೊಂಡಿತು. ಕಲಿತದ್ದೆಂದರೆ ಏನು, ಇನ್ನೂರು ಮಾತು. "ಫುಡ್ ರೆಡಿ." "ಟುಡೇ ಐ ಲೇಟ್." "ಡೋರ್ ಕ್ಲೋಸ್?" "ಕ್ಲೋಸ್, ಕ್ಲೋಸ್." ಇಬ್ಬರೂ ಕನ್ನಡದವರು, ಊಟದ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂತು, ತಲೆಯಲ್ಲಿ ಕನ್ನಡದಲ್ಲಿ ಯೋಚಿಸಿ, ಬಾಯಲ್ಲಿ ಅದನ್ನು ಮುರಿದು ಮುರಿದು ಹಾಕುವುದು. ಕೇಳಿದವರು ಮತ್ತೆ ಅದನ್ನು ಜೋಡಿಸಿಕೊಂಡು ಕನ್ನಡ ಮಾಡಿಕೊಳ್ಳುವುದು. ಎಷ್ಟೋ ತುಂಡು ಮಧ್ಯದಲ್ಲೇ ಬಿದ್ದು ಹೋಗುತ್ತಿತ್ತು. ಹೇಳಲು ಬಾರದ್ದನ್ನು ನಾಳೆ ಹೇಳೋಣ ಎಂದು ಬಿಡುತ್ತಿದ್ದೆವು. ಕೊನೆಗೆ ನಾಳೆಯಾದರೂ ಹೇಳಬೇಕು ಅನ್ನಿಸುವುದೇ ನಿಂತಿತು.

ಒಂದು ತಮಾಷೆ ಕೇಳು. ಇಂಗ್ಲಿಷಿನಲ್ಲಿ ನನಗೆ ಜಗಳವಾಡಲು ಬರುವುದಿಲ್ಲ! ಹದಿನೈದು ವರ್ಷ ನಾವು ಒಂದು ದಿನವೂ ಜಗಳವಾಡಲಿಲ್ಲ. ಪಕ್ಕದ ಮನೆಯವರು ನಮ್ಮನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ನನಗೆ ಕೋಪ ಬಂದರೆ "ನೋ ಪ್ರಾಬ್ಲಮ್," ಇವರಿಗೆ ಬೇಸರವಾದರೆ "ಓಕೆ ಓಕೆ." ಮಗಳೇನೋ ಆರೇ ತಿಂಗಳಲ್ಲಿ ಆಟದ ಬಯಲಿನಲ್ಲಿ ಬೇರೆ ಮಕ್ಕಳಿಂದ ಚಂದದ ಇಂಗ್ಲಿಷ್ ಕಲಿತಳು. ನಮ್ಮಿಂದ ಕಲಿತದ್ದು ತಪ್ಪುಗಳನ್ನು ಮಾತ್ರ, ಅವನ್ನು ತಿದ್ದಲು ಟೀಚರಿಗೆ ಇನ್ನೊಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಅವಳಿಗೆ ಕನ್ನಡ ಮರೆತೇ ಹೋಗಿತ್ತು. ಆದರೂ ನಮ್ಮ ನಿಯಮ ಮಾತ್ರ ಹಾಗೇ ಉಳಿಯಿತು. ತೆಗೆಯೋಣ ಎಂದು ಯಾರು ಮೊದಲು ಹೇಳಬೇಕು? ಯಾವ ಭಾಷೆಯಲ್ಲಿ?

ಹೊರಗೂ ಅದೇ ಅಭ್ಯಾಸ. ಹೋದ ವರ್ಷ ಒಬ್ಬ ಗಿರಾಕಿ ಪ್ಯಾಂಟಿನ ಅಂಚು ಮಡಿಸಲು ಬಂದ. ನಾನು ಕೆಳಗೆ ಕೂತು ಗುಂಡುಸೂಜಿ ಹಾಕುತ್ತಿದ್ದೆ. "ದಿಸ್ ಲಾಂಗ್, ಮಚ್ ಲಾಂಗ್" ಎಂದ ಅವನು. "ಐ ಶಾರ್ಟ್ ಮಾಡ್..." ಎಂದು ನಾನು ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಸೂಜಿ ಅವನ ಹಿಮ್ಮಡಿಗೆ ಚುಚ್ಚಿತು. "ಅಯ್ಯೋ, ಸತ್ತೆನಪ್ಪಾ!" ಎಂದು ಕುಣಿದ. ನಾನು ತಲೆ ಎತ್ತಿದೆ, ಅವನು ತಲೆ ಬಗ್ಗಿಸಿದ. ಒಂದು ಗಳಿಗೆ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆವು. ಆಮೇಲೆ ನಾನು "ಸಾರಿ" ಎಂದೆ, ಅವನು "ನೋ ನೋ, ಓಕೆ" ಎಂದ. ಗುರುವಾರ ಬಂದು ಪ್ಯಾಂಟು ತೆಗೆದುಕೊಂಡು ಹೋದ. ಒಬ್ಬರೆದುರು ಒಬ್ಬರಿಗೆ ಯಾಕೆ ಅಷ್ಟು ನಾಚಿಕೆ ಎಂದು ನನಗೆ ಈಗಲೂ ತಿಳಿಯದು.

ಈಗ ವಿಷಯಕ್ಕೆ ಬರುತ್ತೇನೆ. ಇವರು ಲಿಫ್ಟು ರಿಪೇರಿ ಮಾಡುವವರು ಎಂದು ಗೊತ್ತಲ್ಲ. ಮೂರು ವಾರದ ಹಿಂದೆ ಊಟದ ಡಬ್ಬಿ ಮನೆಯಲ್ಲೇ ಮರೆತು ಹೋಗಿದ್ದರು. ಆವತ್ತು ಅವರ ಕೆಲಸ ನನ್ನ ಅಂಗಡಿಯ ಹಿಂದಿನ ಬೀದಿಯ ಆರು ಮಹಡಿ ಕಟ್ಟಡದಲ್ಲಿ, ಹಾಗಾಗಿ ಡಬ್ಬಿ ಹಿಡಿದು ನಾನೇ ಹೋದೆ. ಕೆಳಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಹಳದಿ ಹಲಗೆ ಅಡ್ಡ ಇಟ್ಟಿದ್ದರು. ಮೇಲೆ ಎಲ್ಲೋ ಟಾರ್ಚಿನ ಬೆಳಕು. ಕೂಗಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಕತ್ತಲೆಯಿಂದ ಇವರ ದನಿ ಕೇಳಿಸಿತು.

"ಏನಮ್ಮಾ ನಿನ್ನ ಗೋಳು? ನಿನ್ನೆ ತಾನೇ ಅಷ್ಟು ಉಪಚಾರ ಮಾಡಿದೀನಿ, ಇವತ್ತು ಮತ್ತೆ ಮುನಿಸಾ? ಮೂರನೇ ಮಹಡಿ ಅಂದ್ರೆ ಯಾಕೆ ಹಿಂಗೆ ಮೂತಿ ತಿರುಗಿಸ್ತೀಯ? ಬಾ, ನಿಧಾನಕ್ಕೆ ಬಾ. ನಾನಿದೀನಿ ಕಣೇ, ಬೀಳೋಕೆ ಬಿಡ್ತೀನಾ ನಿನ್ನ?"

ಅಕ್ಕ, ನಾನು ಆ ಹಲಗೆ ಹಿಡಿದು ನಿಂತುಬಿಟ್ಟೆ. ಅದೇ ದನಿ, ಬೀಗದ ಅಂಗಡಿಯ ಮೇಲಿನ ಕೋಣೆಯ ದನಿ. ನಾನು ಅದು ಸತ್ತೇ ಹೋಯಿತು ಎಂದುಕೊಂಡಿದ್ದೆ. ಅದು ಇಷ್ಟು ವರ್ಷವೂ ದಿನಾ ಊರೆಲ್ಲ ಓಡಾಡಿಕೊಂಡು, ಲಿಫ್ಟುಗಳನ್ನು ರಮಿಸಿಕೊಂಡು ಆರಾಮಾಗಿತ್ತು! ಕಟ್ಟಡದ ಕಾವಲುಗಾರ ನನ್ನನ್ನು ನೋಡಿ ನಕ್ಕು, ಇವನು ಯಾವಾಗಲೂ ಹೀಗೆಯೇ, ಯಂತ್ರದ ಜೊತೆ ಯಾವುದೋ ಭಾಷೆಯಲ್ಲಿ ಹರಟುತ್ತಾನೆ ಎಂದ. ನನಗೆ ಬಂದ ಹೊಟ್ಟೆಕಿಚ್ಚು ಎಂಥದ್ದು ಎಂದರೆ, ಲಿಫ್ಟಿನ ಜಾಗದಲ್ಲಿ ಒಬ್ಬ ಹೆಂಗಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಇವರು ಮೆಟ್ಟಿಲಿಳಿದು ಬಂದರು, ಕೈ ಒರೆಸಿಕೊಂಡರು, "ಓ, ಯು ಕಮ್? ಲಂಚ್?" ಎಂದರು. ನಾನು "ಯೆಸ್. ಲಂಚ್. ಹಾಟ್" ಎಂದು ಡಬ್ಬಿ ಕೊಟ್ಟು ಬಂದೆ. ಆ ದಿನ ಒಂದು ಕೋಟಿನ ತೋಳು ಉಲ್ಟಾ ಹೊಲಿದು ಬಿಚ್ಚಿದೆ.

ಎರಡು ವಾರ ನುಂಗಿಕೊಂಡಿದ್ದೆ. ಹೋದ ಭಾನುವಾರ ಮಧ್ಯಾಹ್ನ ಹಾಲು ಒಲೆಯ ಮೇಲಿಟ್ಟು, ನೋಡಿಕೊಳ್ಳಿ ಎಂದು ಸನ್ನೆ ಮಾಡಿ ಬಟ್ಟೆ ಹರವಲು ಹೋದೆ. ಬಂದರೆ ಹಾಲೆಲ್ಲ ಉಕ್ಕಿ ಒಲೆ, ಕಟ್ಟೆ, ನೆಲ ಎಲ್ಲ ಹೊಳೆ. ಇವರು ಎದುರಿಗೇ ಕೂತು ಪೇಪರು ಓದುತ್ತಿದ್ದಾರೆ!

"ರೀ, ಕಣ್ಣು ಎಲ್ಲಿಟ್ಕೊಂಡಿದೀರಿ?" ಎಂದುಬಿಟ್ಟೆ.

ಇವರು ಬೆಚ್ಚಿ ಎದ್ದರು. "ಸಾರಿ, ಸಾರಿ. ಐ ಕ್ಲೀನ್."

"ನಿಮ್ಮ ಕ್ಲೀನ್ ನನಗೆ ಬೇಡ. ಆ ಲಿಫ್ಟಿನ ಹತ್ರ ಮಾತಾಡ್ತೀರಲ್ಲ, ಹಾಗೆ ಮಾತಾಡಿ. ಅದಕ್ಕೆ ಬೇಕಾದಷ್ಟು ಮಾತು, ನನಗೆ ಮಾತ್ರ ಸಾರಿ, ಓಕೆ, ಥ್ಯಾಂಕ್ಯು. ನಾನೇನು ನಿಮ್ಮ ಗಿರಾಕಿನಾ?"

ಇವರ ಮುಖ ಕೆಂಪಾಯಿತು. ಸಿಂಕಿನಲ್ಲಿದ್ದ ಪಾತ್ರೆಗಳ ಕಡೆ ಬೆರಳು ತೋರಿಸಿದರು. ತಮಾಷೆಯೋ ಹೆದರಿಕೆಯೋ ತಿಳಿಯಲಿಲ್ಲ. "ತೊಳೀತೀನಿ," ಎಂದೆ. "ಇವತ್ತೂ ತೊಳೀತೀನಿ, ನಾಳೆನೂ ತೊಳೀತೀನಿ, ಸಾಯೋವರೆಗೂ ತೊಳೀತೀನಿ. ಆದ್ರೆ ಇನ್ನು ನನ್ನ ಬಾಯಿ ಮುಚ್ಚಲ್ಲ."

ಇವರು ಬಟ್ಟೆ ತೆಗೆದುಕೊಂಡು ಒಲೆ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ನನ್ನ ಕಡೆ ತಿರುಗದೆಯೇ, ಹೊಸದಾಗಿ ಮಾತು ಕಲಿಯುವವರ ಹಾಗೆ ತಡವರಿಸುತ್ತ ಹೇಳಿದರು, "ಲಿಫ್ಟಾದ್ರೆ ಏನೂ ಮರುಪ್ರಶ್ನೆ ಕೇಳಲ್ಲ. ನಿನ್ನ ಹತ್ರ ಎಲ್ಲಿಂದ ಶುರು ಮಾಡ್ಲಿ, ನೀನೇ ಹೇಳು."

"ಎಲ್ಲಿಂದಾದ್ರೂ ಮಾಡಿ" ಎಂದೆ.

"ಆ ನೀಲಿ ಸೋಫಾ ನನಗೆ ಒಂದು ದಿನಾನೂ ಇಷ್ಟ ಆಗಿಲ್ಲ," ಎಂದರು.

ಎಂಟು ವರ್ಷದಿಂದ ಅದರ ಮೇಲೆ ಕೂತಿದ್ದಾರೆ ಮಹಾರಾಯರು! ತಂದ ದಿನ "ವೆರಿ ನೈಸ್" ಎಂದಿದ್ದರು. ಅಲ್ಲಿಂದ ಶುರುವಾಯಿತು ನೋಡು ಜಗಳ. ಇವರು ಒರೆಸುತ್ತ, ನಾನು ತೊಳೆಯುತ್ತ. ಸಿಂಕಿನಲ್ಲಿದ್ದ ಪಾತ್ರೆ ಮುಗಿಯಿತು, ಜಗಳ ಮುಗಿಯಲಿಲ್ಲ, ಕಪಾಟಿನಲ್ಲಿದ್ದ ತೊಳೆದ ಪಾತ್ರೆಯನ್ನೂ ತೆಗೆದು ತೊಳೆದೆ. ನಕ್ಕೆವು ಕೂಡ. ಎಷ್ಟೋ ಮಾತು ಇವರಿಗೆ ಮರೆತೇ ಹೋಗಿತ್ತು, ನಾನು ಎತ್ತಿ ಕೊಡುತ್ತಿದ್ದೆ. ಸಂಜೆಯಾಗುವಾಗ ಇವರು ಕೈಯಲ್ಲಿದ್ದ ಲೋಟ ಕೆಳಗಿಟ್ಟು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅದು ಇರಲಿ.

ಮಗಳು ಬುಧವಾರ ಫೋನ್ ಮಾಡಿದಾಗ ಹಿಂದಿನಿಂದ ನಮ್ಮ ಗಲಾಟೆ ಕೇಳಿಸಿಕೊಂಡು, ಅಪ್ಪನಿಗೂ ನಿನಗೂ ಏನಾಗಿದೆ ಎಂದು ಗಾಬರಿಯಾದಳು. ಏನೂ ಇಲ್ಲ, ಜಗಳವಾಡುತ್ತಿದ್ದೇವೆ ಎಂದೆ. ಅವಳು, ಆ ಭಾಷೆ ನನಗೂ ಹೇಳಿಕೊಡಬಹುದಿತ್ತಲ್ಲ ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಿನ್ನ ಆರೋಗ್ಯ ನೋಡಿಕೋ. ಭಾವನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಮಗ ಸೊಸೆಗೆ ಆಶೀರ್ವಾದಗಳು. ಮೊಮ್ಮಗಳು ನೂರು ಕಾಲ ಬಾಳಲಿ, ಬಾಯಿಬಡುಕಿಯಾಗಿ ಬೆಳೆಯಲಿ, ಅವಳ ಬಾಯಿ ಮುಚ್ಚಿಸಲು ಯಾರಿಗೂ ಆಗದಿರಲಿ.

ಇಂತಿ ನಿನ್ನ ತಂಗಿ,
ವಟವಟ

ಮ.ಸೂ.: ಲಕೋಟೆಗೆ ಹಾಕಿ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಆ ಸಂಜೆ ಇವರು ಕೇಳಿದ್ದು, "ನಿಮ್ಮಮ್ಮ ಹೋದ ದಿನ ನೀನ್ಯಾಕೆ ಅಳಲಿಲ್ಲ?" ಎಂದು. ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದರಂತೆ. ಇಂಗ್ಲಿಷಿನಲ್ಲಿ ಕೇಳಲು ಬರಲಿಲ್ಲವಂತೆ. ಅಕ್ಕ, ಆವತ್ತು ನೀನು ಫೋನಿನಲ್ಲಿ "ಅಮ್ಮ ಹೋಗ್ಬಿಟ್ಲು" ಎಂದಾಗ ಮಗಳು ಪಕ್ಕದಲ್ಲೇ ಕೂತು ಲೆಕ್ಕ ಬಿಡಿಸುತ್ತಿದ್ದಳು. ನಾನು ಏನು ಹೇಳಿದೆ ಎಂದು ನೀನು ಮರೆತಿರಲಾರೆ. "ಓಕೆ ಸಿಸ್ಟರ್. ಥ್ಯಾಂಕ್ಯು ಫಾರ್ ಟೆಲ್ಲಿಂಗ್" ಎಂದೆ. ನೀನು ಫೋನ್ ಇಟ್ಟೆ. ಆಮೇಲೆ ಇವತ್ತಿನವರೆಗೆ ನಿನ್ನದು ವರ್ಷಕ್ಕೊಂದು ಕಾಗದ, ಅದರಲ್ಲಿ ನಾಲ್ಕು ಸಾಲು. ನಿನ್ನ ತಪ್ಪಿಲ್ಲ. ನಾನು ಕಲ್ಲುಮನಸ್ಸಿನವಳಾಗಿದ್ದೆ ಎಂದುಕೊಳ್ಳಬೇಡ, ಅಳುವುದಕ್ಕೆ ನನಗೆ ಬೇರೆ ಭಾಷೆ ಗೊತ್ತಿರಲಿಲ್ಲ, ಗೊತ್ತಿದ್ದದ್ದನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಇನ್ನೂ ಅತ್ತಿಲ್ಲ. ಭಾನುವಾರಗಳಲ್ಲಿ ನಾನು ಮನೆಯಲ್ಲೇ ಇರುತ್ತೇನೆ. ಒಂದು ಸಲ ಫೋನ್ ಮಾಡು. ಬೇರೇನೂ ಹೇಳಬೇಡ, ಅಮ್ಮ ಹೋದ ಸುದ್ದಿಯನ್ನು ನನಗೆ ಇನ್ನೊಂದು ಸಲ ಹೇಳು.