ಹೊಲಿಗೆ ಮಷೀನಿನ ಚರಕ

ನವೆಂಬರ್ ೧೨, ಬುಧವಾರ

ಹೆಂಡತಿ ಚೈತ್ರಶ್ರೀಯ ಬಲಗೈಗೆ ಲಕ್ವ ಹೊಡೆದು ವರ್ಷವಾಯ್ತು. ಎಡಗೈಯಲ್ಲಾದರೂ ನೂಲಲಿ ಎಂದು ಅವಳ ಹೊಲಿಗೆ ಮಷೀನಿನ ತಲೆ ಬಿಚ್ಚಿಸಿ, ಅದರ ಮೇಜನ್ನೇ ತುಳಿಯುವ ಚರಕ ಮಾಡಿಸಿದೆ. ಇವತ್ತು ಸಂಜೆ ಅದಕ್ಕೆ ಹಾರ ಹಾಕಿ, ಕುಂದೂರಿನ ಪ್ರಪ್ರಥಮ ಖಾದಿ ಕಾರ್ಖಾನೆ ಎಂದು ಭಾಷಣ ಬಿಗಿದು ಉದ್ಘಾಟಿಸಿದೆ. ಅವಳು ನಗಲಿಲ್ಲ.

“ನಾನಿನ್ನು ಹೊಲಿಯಲ್ಲ ಅಂತ ನೀವೇ ತೀರ್ಮಾನ ಮಾಡ್ಬುಟ್ರಾ?”

“ಹಂಗಲ್ಲ ಕಣೇ.”

ಪೆಡಲ್ ತುಳಿದಳು. ಚಕ್ರವನ್ನು ಮೊದಲು ಮುಂದಕ್ಕೆ ತಟ್ಟಬೇಕಿದ್ದ ಬಲಗೈ ಮಡಿಲಲ್ಲೇ ಉಳಿಯಿತು. ಚಕ್ರ ಹಿಂದಕ್ಕೆ ತಿರುಗಿ ನೂಲು ಬಿಚ್ಚಿಕೊಂಡಿತು.

“ಮಷೀನಿನ ತಲೆ ಸ್ಟೋರಲ್ಲಿ ಐತಲ್ಲ? ಎಣ್ಣೆ ಬಿಡ್ರೀ, ತುಕ್ಕು ಹಿಡಿದೀತು. ಕೈ ಬಂದಾಗ ಬೇಕು.”

ಅದನ್ನು ಗುಜರಿಗೆ ಹಾಕಿ ವಾರವಾಗಿದೆ. ಎಣ್ಣೆ ಡಬ್ಬಿ ಹಿಡಿದು ಸ್ಟೋರಿಗೆ ಹೋಗಿ, ಖಾಲಿ ಮೂಲೆ ನೋಡುತ್ತ ನಿಂತು ಬಂದೆ.

“ಬಿಟ್ರಾ?” ಅಂದಳು.

“ಹೂಂ” ಅಂದೆ.

ನಾಳೆಯೂ ಕೇಳುತ್ತಾಳೆ.